ಒಣಗುಡ್ಡದ ಒಂಟಿ ಹಾದಿ

ಮಾರ್ಗಶಿರದ ಬೆಳಗು. ಕೃಷ್ಣೆಯ ಬಯಲಿನ ಮೇಲೆ ಹಬ್ಬಿದ ಮಂಜು ಇನ್ನೂ ಕರಗಿಲ್ಲ. ಉಗಾರ ಬುದ್ರುಕದ ಹೊಲಗಳಲ್ಲಿ ಕಬ್ಬು ಆಳೆತ್ತರವನ್ನು ಮೀರಿ ನಿಂತಿದೆ. ಎಲ್ಲಿಯೋ ಒಂದು ಮೋಟಾರು ಗುಂಯ್‌ಗುಡುತ್ತಿದೆ. ಕಾಲುವೆಯ ಬಾಯಲ್ಲಿ ನೀರು ತೊದಲುತ್ತ ಹರಿಯುತ್ತಿದೆ. ಕಬ್ಬು ಕಡಿಯಲು ದೂರದಿಂದ ಬಂದವರ ಗುಡಿಸಲುಗಳಿಂದ ಒಲೆಯ ಹೊಗೆ ಏಳುತ್ತಿದೆ.

ಬುದ್ರುಕವೆಂದರೆ ಹಿರಿದು, ಖುರ್ದವೆಂದರೆ ಕಿರಿದು. ಎರಡೂ ಪಾರಸಿ ಮೂಲದ ಮಾತುಗಳು. ಆದರೆ ಕಾಲದ ವಿನೋದವನ್ನು ನೋಡಬೇಕು: ರೈಲು ನಿಲ್ದಾಣವೂ, 1939ರಲ್ಲಿ ಸ್ಥಾಪನೆಗೊಂಡ ಸಕ್ಕರೆ ಕಾರ್ಖಾನೆಯೂ ‘ಕಿರಿಯ’ ಉಗಾರದ ಪಾಲಿಗೆ ಬಂದವು. ‘ಹಿರಿಯ’ ಉಗಾರಕ್ಕೆ ಉಳಿದುದು ಹಿರಿತನದ ಹೆಸರು, ಕಪ್ಪು ಮಣ್ಣು ಮತ್ತು ನೀರು. ಹಿಂದೆ ಅಥಣಿ ತಾಲ್ಲೂಕಿನಲ್ಲಿದ್ದ ಈ ಊರು ಈಗ ಕಾಗವಾಡ ತಾಲ್ಲೂಕಿಗೆ ಸೇರಿದೆ. ಇಲ್ಲಿಯವರಿಗೆ ನೀರೆಂದರೆ ಬರುವುದೇ ಹೊರತು ಹುಡುಕುವುದಲ್ಲ. ಕೆಲವೊಮ್ಮೆ ಅದು ಕರೆಯದೆಯೂ ಬರುತ್ತದೆ. 2005, 2019 ಮತ್ತು 2021ರಲ್ಲಿ ಕೃಷ್ಣೆ ದಂಡೆ ಮೀರಿ ಹೊಲಮನೆಗಳಿಗೆ ನುಗ್ಗಿದುದನ್ನು ಈ ಬಯಲು ಮರೆತಿಲ್ಲ.

ಇಂಥ ಊರಿನಿಂದ ತರುಣನೊಬ್ಬ ಬೆನ್ನಿಗೆ ಗಂಟು ಕಟ್ಟಿಕೊಂಡು, ಒಬ್ಬನೇ, ಗೋಕಾಕದ ಒಣಗುಡ್ಡಗಳ ಕಡೆಗೆ ಹೊರಟನೆಂದು ಎಣಿಸಬಹುದು. ಊರ ಹೊರಗಿನ ಹೊಲದಲ್ಲಿ ನೀರು ಹಾಯಿಸುತ್ತ ನಿಂತ ಹಿರಿಯರು ಅವನನ್ನು ತಡೆದು ಕೇಳುವುದು ಖಂಡಿತ.

“ಒಬ್ಬಂವನ ಎತ್ತ ಹೊಂಟೀ ತಮ್ಮಾ?”

“ಗೋಕಾಕದ ಗುಡ್ಡಕ್ಕರಿ, ಕಾಕಾ.”

“ಅಲ್ಲಿ ಯಾ ದೇವರೈತಿ?”

“ದೇವರಿಗಲ್ಲರಿ. ನಡಕೊಂಡ ಹೋಗಿ, ಎರಡ ರಾತ್ರಿ ಗುಡ್ಡದ ಮ್ಯಾಲ ಇದ್ದ ಬರ್ತೀನಿ.”

ಕಾಕಾ ಸಲಿಕೆಯ ಮೇಲೆ ಕೈಯೂರಿ ತುಸು ಹೊತ್ತು ಅವನನ್ನೇ ನೋಡುತ್ತಾರೆ. “ಮನ್ಯಾಗ ಏನರ ಜಗಳ ಆಗೇತೇನ?”

ಈ ಪ್ರಶ್ನೆಯಲ್ಲಿ ಕುಚೋದ್ಯವಿಲ್ಲ. ನಡೆಯುವುದು ಈ ನಾಡಿಗೆ ಹೊಸತಲ್ಲ. ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವವರುಂಟು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆಯುವವರುಂಟು. ಆದರೆ ಅವರು ನಡೆಯುವುದು ತಂಡವಾಗಿ, ಹಾಡುತ್ತ, ದೇವರ ಹೆಸರಿನಲ್ಲಿ. ಹಾದಿಯ ಕೊನೆಗೆ ದೇವರಿಲ್ಲದೆ, ಜೊತೆಗೆ ಜನವಿಲ್ಲದೆ ಗುಡ್ಡಕ್ಕೆ ಹೊರಟವನು ಒಂದೋ ಮುನಿದವನು, ಇಲ್ಲವೇ ಮುನಿಯಾಗಹೊರಟವನು ಎಂಬುದು ಹಳ್ಳಿಯ ತರ್ಕ. ಈ ತರ್ಕ ಪೂರ್ಣ ತಪ್ಪಲ್ಲವೆಂಬುದು ಮುಂದೆ ಕಂಡುಬರುವುದು.

ಕರಿಮಣ್ಣಿನ ಎರಡು ದಿನ

ಉಗಾರದಿಂದ ಗೋಕಾಕದ ಗುಡ್ಡಗಳಿಗೆ ಸುಮಾರು ಅರುವತ್ತು ಕಿಲೋಮೀಟರು. ರೈಲಿನಲ್ಲಿ ಹೋಗುವವನಿಗೆ ಇದು ಕುಡಚಿ, ಚಿಂಚಲಿ, ರಾಯಬಾಗ, ಘಟಪ್ರಭಾ ಎಂಬ ನಿಲ್ದಾಣಗಳ ಹೆಸರು ಓದುವಷ್ಟರ ದಾರಿ. ನಡೆಯುವವನಿಗೆ ಎರಡೂವರೆ ದಿನದ ಪಾಠ. ಕೃಷ್ಣೆಯನ್ನು ದಾಟುವಾಗ ಸೇತುವೆಯ ಕೆಳಗೆ ನೀರು ಸಾಧುವಾಗಿ ಹರಿಯುತ್ತಿರುತ್ತದೆ. ಮಳೆಗಾಲದಲ್ಲಿ ಉಗಾರ–ಕುಡಚಿಗಳ ನಡುವಿನ ರಸ್ತೆಯ ಸೇತುವೆಯನ್ನೇ ನುಂಗಿ ಸಂಚಾರ ನಿಲ್ಲಿಸುವ ನದಿ ಇದೇ ಎಂದು ಹೊರಗಿನವರು ನಂಬಲಾರರು.

ಮೊದಲ ರಾತ್ರಿ ಚಿಂಚಲಿಯಲ್ಲಿ. ಮಾಘಮಾಸದಲ್ಲಿ ಮಾಯಕ್ಕನ ಜಾತ್ರೆಗೆ ಕರ್ನಾಟಕ ಮಹಾರಾಷ್ಟ್ರಗಳ ಜನ ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಬಯಲಲ್ಲೇ ಬೀಡುಬಿಡುವ ಊರಿದು. ಬಯಲಲ್ಲಿ ಮಲಗುವುದನ್ನು ಇಲ್ಲಿ ಯಾರೂ ವಿಚಿತ್ರವೆಂದು ಭಾವಿಸುವುದಿಲ್ಲ. ಬುತ್ತಿಯ ಗಂಟು ಬಿಚ್ಚಿದರೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ. ಒಣಗಿದ ರೊಟ್ಟಿ ವಾರವಾದರೂ ಕೆಡದು. ಆದರೆ ಖಾರದ ಹಿಂಡಿ ನೀರನ್ನು ಬೇಡುತ್ತದೆ. ಬಯಲುಸೀಮೆಯಲ್ಲಿ ಇದು ಲೆಕ್ಕಕ್ಕೆ ಬಾರದ ಮಾತು. ಗುಡ್ಡದಲ್ಲಿ ಲೆಕ್ಕಕ್ಕೆ ಬರುವ ಮಾತು.

ಎರಡನೆಯ ರಾತ್ರಿ ರಾಯಬಾಗದ ಆಚೆ, ಸುಗ್ಗಿ ಮುಗಿದ ಹೊಲವೊಂದರಲ್ಲಿ, ಕುರಿಗಾರರ ಬೀಡಿನ ಪಕ್ಕದಲ್ಲಿ. ಬಯಲಲ್ಲಿ ಬದುಕುವ ವಿದ್ಯೆಯಲ್ಲಿ ಇವರನ್ನು ಮೀರಿಸಿದವರು ಈ ಸೀಮೆಯಲ್ಲಿಲ್ಲ. ದಖ್ಖಣಿ ಕುರಿಗಳ ಹಿಂಡು, ಕಾವಲಿಗೆ ನಾಯಿಗಳು, ಕುದುರೆಯ ಬೆನ್ನ ಮೇಲೆ ಸಂಸಾರ, ಹೆಗಲಿಗೆ ಕರಿಯ ಕಂಬಳಿ—ಇಷ್ಟೇ ಅವರ ಸಾಮಗ್ರಿ. ರೈತನ ಹೊಲದಲ್ಲಿ ರಾತ್ರಿ ಹಿಂಡನ್ನು ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳು ಇಲ್ಲವೇ ಹಣ. ಕಂಬಳಿಯೊಂದೇ ಅವರಿಗೆ ಹಾಸಿಗೆ, ಹೊದಿಕೆ, ಮಳೆಗೆ ಕೊಪ್ಪೆ. ದೂರದ ನಾಡುಗಳಿಂದ ತರಿಸಿದ ಹಗುರವಾದ ಡೇರೆಗಳನ್ನು ಹೊತ್ತು ತಿರುಗುವ ಇಂದಿನ ಚಾರಣಿಗರು ಈ ಒಂದು ಕಂಬಳಿಯ ಮುಂದೆ ತುಸು ನಾಚಬೇಕಾದೀತು.

ಒಬ್ಬಂಟಿಯನ್ನು ಕಂಡು ಮುದುಕ ಕುರಿಗಾರ ಕೇಳುವುದು ದೇವರನ್ನು ಕುರಿತಲ್ಲ. “ನೀರಿನ ಬಂದೋಬಸ್ತ ಏನ ಮಾಡೀಯೋ ಯಪ್ಪಾ?” ಉತ್ತರ ತೃಪ್ತಿಕರವಾಗಿಲ್ಲವೆಂದು ಕಂಡ ಮೇಲೆ ಅವನು ಹೇಳುತ್ತಾನೆ: “ನೀರ ಹುಡುಕಬ್ಯಾಡ. ನೀರಿಗಿ ಹೋಗೂ ಹಾದಿ ಹುಡುಕು. ಸಂಜೀ ಮುಂದ ಬೆಳವ ಎತ್ತಾಗ ಹಾರ್ತಾವ ನೋಡು. ಕಾಲದಾರಿ ಎಲ್ಲಾ ಎಲ್ಲಿ ಕೂಡತಾವ ನೋಡು.”

ಪ್ರಕೃತಿ ವಿಜ್ಞಾನವೂ ಇದನ್ನೇ ಹೇಳುತ್ತದೆ. ಹುಳುಹುಪ್ಪಟೆ ತಿನ್ನುವ ಹಕ್ಕಿಗೆ ಆಹಾರದಲ್ಲಿಯೇ ತೇವ ದೊರೆಯುತ್ತದೆ. ಒಣಕಾಳು ತಿನ್ನುವ ಬೆಳವ, ಕಾಡುಪಾರಿವಾಳಗಳಿಗೆ ದಿನವೂ ನೀರು ಬೇಕು. ಆದುದರಿಂದ ಅವುಗಳ ಹಾರಾಟ ನೀರಿನತ್ತ ತೋರುವ ಕೈಮರ.

ಕಲ್ಲು ಬದಲಾಗುವ ಜಾಗ

ರಾಯಬಾಗ ದಾಟಿ ದಕ್ಷಿಣಕ್ಕೆ ನಡೆದಂತೆ ಕಾಲಕೆಳಗಿನ ನೆಲವೇ ಬೇರೆಯಾಗುತ್ತದೆ. ಉಗಾರದ ಕರಿಮಣ್ಣು ದಖ್ಖಣದ ಲಾವಾ ಶಿಲೆ ಸವೆದು ಆದದ್ದು. ನೀರನ್ನು ಹೀರಿ ಹಿಡಿದುಕೊಳ್ಳುವ ಮಣ್ಣು. ಗೋಕಾಕದ ಗುಡ್ಡಗಳಾದರೋ ಅದಕ್ಕಿಂತ ಎಷ್ಟೋ ಪುರಾತನವಾದ ಮರಳುಗಲ್ಲಿನವು. ಭೂವಿಜ್ಞಾನಿಗಳು ಇವನ್ನು ಕಲಾದಗಿ ಶ್ರೇಣಿಗೆ ಸೇರಿಸುತ್ತಾರೆ. ಹಾಸುಹಾಸಾದ ಕಲ್ಲು, ನಡುವೆ ಸೀಳು, ಮೇಲೆ ತೆಳುವಾದ ಮಣ್ಣು. ಮಳೆ ಬಿದ್ದರೆ ನೀರು ನಿಲ್ಲದೆ ಜಾರಿ ಕೊಳ್ಳಕ್ಕಿಳಿಯುತ್ತದೆ. ಸಹ್ಯಾದ್ರಿಯ ಮಳೆನೆರಳಿನ ಈ ಸೀಮೆಯಲ್ಲಿ ಬೀಳುವ ಮಳೆಯೂ ಅಷ್ಟಕ್ಕಷ್ಟೆ.

ಇದೇ ಗಟ್ಟಿ ಕಲ್ಲಿನ ಅಂಚಿನಿಂದ ಘಟಪ್ರಭಾ ನದಿ ಸುಮಾರು 52 ಮೀಟರು ಕೆಳಕ್ಕೆ ಧುಮುಕಿ ಗೋಕಾಕ ಜಲಪಾತವಾಗಿದೆ. ಶ್ರಾವಣದಲ್ಲಿ ಕೆಂಪುನೀರಿನ ಗೋಡೆಯಂತೆ ಕಾಣುವ ಜಲಪಾತ, ಚಳಿಗಾಲ ಕಳೆಯುತ್ತ ಬಂದಂತೆ ಕಲ್ಲಿಗೆ ಅಂಟಿದ ಕೆಲವು ಎಳೆಗಳಾಗಿ ಉಳಿಯುತ್ತದೆ. ಮೇಲ್ಗಡೆ ಧೂಪದಾಳದಲ್ಲಿ ನೀರನ್ನು ತಡೆದು ಕಾಲುವೆಗೆ ತಿರುಗಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಲಪಾತದ ಬಳಿ ನೂಲಿನ ಗಿರಣಿ ಎದ್ದಿತು. ಪ್ರವಾಸಿಗರು ತೂಗುಸೇತುವೆಯ ಮೇಲೆ ನಿಂತು, ಚಾಲುಕ್ಯರ ಕಾಲದ ಗುಡಿಯನ್ನು ಕಂಡು, ಕರದಂಟು ಕೊಂಡು ಮರಳುತ್ತಾರೆ. ಬೆಲ್ಲ, ಅಂಟು, ಒಣಹಣ್ಣುಗಳಿಂದ ಮಾಡಿದ ಈ ಕರದಂಟು ಗುಡ್ಡ ಹತ್ತುವವನಿಗೆ ಹೇಳಿ ಮಾಡಿಸಿದ ಬುತ್ತಿ: ಭಾರ ಕಡಿಮೆ, ಬಲ ಹೆಚ್ಚು, ಒಲೆ ಬೇಡ.

ಜಲಪಾತದ ಹತ್ತಿರದ ಕೊಣ್ಣೂರಿನಿಂದ ಗುಡ್ಡದ ಹಾದಿ ಆರಂಭವಾಗುತ್ತದೆ. ಬೆಟ್ಟದ ಮೈಯಲ್ಲಿ ದಿಂಡಿಗ, ಮಸವಾಳ, ಕಕ್ಕೆ, ಮುತ್ತುಗಗಳು; ಕೆಳಗೆ ಕವಳಿ, ಬಾರಿ, ಕಳ್ಳಿ. ಈ ಕಾಡಿಗೆ ಮಲೆನಾಡಿನ ಕತ್ತಲೆಯಿಲ್ಲ. ಎಲೆ ಉದುರಿಸಿ ಬೇಸಗೆಯನ್ನು ದಾಟುವ ಜಾತಿಯ ಮರಗಳಿವು. ಖರ್ಚು ತಗ್ಗಿಸಿ ಬರಗಾಲ ಕಳೆಯುವ ಬಡ ಗೃಹಸ್ಥನ ನೀತಿ ಅವುಗಳದು.

ಮುನಿಗಳ ಲೆಕ್ಕ

ಕೊಣ್ಣೂರಿನ ಬಳಿ ಗವಿಗಳಿವೆ. ಈ ಗವಿಗಳ ಹೆಸರು ಕೇಳಿದೊಡನೆ ಚಿಕ್ಕೋಡಿ, ಕಾಗವಾಡ ಸೀಮೆಯ ಜೈನ ಮನೆಗಳಲ್ಲಿ ಹಿರಿಯರು ಕೈ ಮುಗಿಯುತ್ತಾರೆ. ಆಚಾರ್ಯ ಶಾಂತಿಸಾಗರರು ಇಲ್ಲಿ ಧ್ಯಾನಕ್ಕೆ ಕುಳಿತರೆಂದೂ, ಸರ್ಪವೊಂದು ಅವರ ಮೈಮೇಲೆ ಹರಿದಾಡಿದರೂ ಅವರು ಅಲುಗಲಿಲ್ಲವೆಂದೂ ಭಕ್ತರು ಹೇಳುತ್ತಾರೆ. ಅವರು ವೇದಗಂಗಾ–ದೂಧಗಂಗಾ ನದಿಗಳು ಕೂಡುವ ಭೋಜ ಗ್ರಾಮದ ಪಾಟೀಲರ ಮನೆತನದವರು. 1872ರಲ್ಲಿ ಹುಟ್ಟಿ, 1920ರಲ್ಲಿ ಮುನಿದೀಕ್ಷೆ ಪಡೆದು, ದಕ್ಷಿಣೋತ್ತರ ಭಾರತವನ್ನು ಕಾಲ್ನಡಿಗೆಯಲ್ಲಿ ಸಂಚರಿಸಿ, 1955ರ ಸೆಪ್ಟೆಂಬರಿನಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು.

ಅವರೊಬ್ಬರೇ ಅಲ್ಲ. ಉಗಾರದ ನೆರೆಯ ಶೇಡಬಾಳದಲ್ಲಿ 1925ರಲ್ಲಿ ಜನಿಸಿದ ಆಚಾರ್ಯ ವಿದ್ಯಾನಂದರು 1970ರಲ್ಲಿ ಹಿಮಾಲಯದ ಹಾದಿ ಹಿಡಿದು ಬದರಿಯವರೆಗೆ ನಡೆದರು. ಸದಲಗದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 1968ರಲ್ಲಿ ಅಜಮೇರಿನಲ್ಲಿ ದೀಕ್ಷೆ ಪಡೆದು, ಮಧ್ಯಭಾರತದ ಬೆಟ್ಟ ಕಾಡುಗಳಲ್ಲಿ ದಶಕಗಳ ಕಾಲ ನಡೆದು, 2024ರ ಫೆಬ್ರುವರಿಯಲ್ಲಿ ಡೋಂಗರಗಢದಲ್ಲಿ ದೇಹತ್ಯಾಗ ಮಾಡಿದರು. ಕನ್ನಡ ನಾಡಿಗೆ ಈ ಏಕಾಂಗಿ ನಡಿಗೆ ಅದಕ್ಕೂ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣವನ್ನು ಬಿಟ್ಟು ಶ್ರೀಶೈಲದ ಕಾಡನ್ನು ಹೊಕ್ಕಳು. ಕಬ್ಬು, ತಂಬಾಕು ಬೆಳೆಯುವ ಸಮೃದ್ಧ ನದೀತೀರದ ಮಕ್ಕಳು ಏನನ್ನೂ ಹೊರದೆ ಒಣಬೆಟ್ಟಗಳ ಕಡೆಗೆ ನಡೆದುಹೋದುದು ಮಾತ್ರ ಯೋಚಿಸತಕ್ಕ ಸಂಗತಿ.

ದಿಗಂಬರ ಮುನಿಯ ನಿಯಮಗಳನ್ನು ಭಕ್ತಿಯನ್ನು ಬದಿಗಿಟ್ಟು ಓದಿದರೂ ಅವುಗಳಲ್ಲಿ ದಾರಿಹೋಕನಿಗೆ ಒಂದು ಪೂರ್ಣ ಶಾಸ್ತ್ರವೇ ದೊರೆಯುತ್ತದೆ. ಹಗಲಲ್ಲಿ ಮಾತ್ರ ನಡೆಯಬೇಕು. ಸೂರ್ಯಾಸ್ತದ ನಂತರ ಹೆಜ್ಜೆಯಿಡಬಾರದು. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಕಾಲಿಡಬೇಕು. ಇದಕ್ಕೆ ಈರ್ಯಾ ಸಮಿತಿಯೆಂದು ಹೆಸರು. ಬರಿಯ ನೆಲದಲ್ಲೋ ಹಲಗೆಯ ಮೇಲೋ ಮಲಗಬೇಕು. ಮಳೆಗಾಲದ ನಾಲ್ಕು ತಿಂಗಳು ಸಂಚಾರ ನಿಲ್ಲಿಸಿ ಒಂದೆಡೆ ನೆಲೆಸಬೇಕು. ಪಿಂಛಿ, ಕಮಂಡಲುಗಳ ಹೊರತು ಹೊರೆಯಿರಕೂಡದು. ಜೀವಹಿಂಸೆಯಾಗದಿರಲೆಂದು ಹುಟ್ಟಿದ ಈ ನಿಯಮಗಳು ನಡೆಯುವವನ ಜೀವವನ್ನೂ ಕಾಯುತ್ತವೆ. ನಾಲ್ಕು ಮೊಳ ಮುಂದಕ್ಕೆ ನೋಡಿ ನಡೆಯುವವನು ಕೊಳಕುಮಂಡಲದ ಮೇಲೆ ಕಾಲಿಡಲಾರ. ಕತ್ತಲಲ್ಲಿ ನಡೆಯದವನು ಕಮರಿಗೆ ಬೀಳಲಾರ.

ಮುನಿ ದಿನಕ್ಕೊಮ್ಮೆ ಅಂಗೈಯಲ್ಲಿ ಆಹಾರ ಸ್ವೀಕರಿಸುವಾಗಲೇ ನೀರನ್ನೂ ಕುಡಿಯುತ್ತಾನೆ. ಮತ್ತೆ ಮರುದಿನದವರೆಗೆ ಇಲ್ಲ. ಸಾಮಾನ್ಯನಿಗೆ ಇದು ಅನುಕರಿಸತಕ್ಕದ್ದಲ್ಲ. ಒಂದು ಮಾತನ್ನು ಮರೆಯಬಾರದು: ಗವಿಯಲ್ಲಿ ಕುಳಿತ ಮುನಿಯೂ ಪೂರ್ಣ ಒಂಟಿಯಲ್ಲ. ಅವನ ಒಂದು ಹೊತ್ತಿನ ಅನ್ನಕ್ಕಾಗಿ, ಕಾಸಿ ಆರಿಸಿದ ನೀರಿಗಾಗಿ ಕೆಳಗಿನ ಊರಿನಲ್ಲಿ ಒಲೆಯೊಂದು ಉರಿಯಬೇಕು. ಕುರಿಗಾರನ ಬುದ್ಧಿಮಾತು, ಚಿಂಚಲಿಯ ಬಯಲು, ಕೊಣ್ಣೂರಿನ ಬಾವಿ ಇವೆಲ್ಲ ತರುಣನ ಬೆನ್ನಗಂಟಿನಲ್ಲಿ ಕಾಣದಂತೆ ಇವೆ. ಒಂಟಿ ನಡಿಗೆಯೆಂಬುದು ಇನ್ನೊಬ್ಬರ ಒಲೆಯಿಂದಲೇ ಆರಂಭವಾಗುವುದು.

ನಾಲ್ಕು ಲೀಟರಿನ ಸಂಸಾರ

ಗುಡ್ಡ ಹತ್ತುವ ಮೊದಲು ಎರಡು ಕೆಲಸ. ಮೊದಲನೆಯದು ಅರಣ್ಯ ಇಲಾಖೆಯ ಅನುಮತಿ. ಕಾದಿಟ್ಟ ಅರಣ್ಯದೊಳಗೆ ಅಪ್ಪಣೆಯಿಲ್ಲದೆ ಹೋಗುವುದೂ ಬೆಂಕಿ ಹಚ್ಚುವುದೂ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿನ ಭಯ ಒತ್ತಟ್ಟಿಗಿರಲಿ. ಪುಷ್ಯಮಾಸದಲ್ಲಿ ಸೊಂಟದೆತ್ತರ ಒಣಗಿ ನಿಂತ ಬಾದೆಹುಲ್ಲನ್ನು ಕಂಡವನು ಕಡ್ಡಿಪೆಟ್ಟಿಗೆಯನ್ನು ಊರಲ್ಲಿಯೇ ಬಿಟ್ಟುಬರುವನು. ಯಾವ ಹಾದಿಯಲ್ಲಿ ಹೋಗಿ ಎಂದು ಇಳಿಯುವುದೆಂದು ಕೆಳಗಿನವರಿಗೆ ತಿಳಿಸಿ ಹೋಗುವುದೂ ಅಗತ್ಯ. ಕೊಳ್ಳಗಳಲ್ಲಿ ಮೊಬೈಲು ಮೂಕವಾಗುತ್ತದೆ.

ಎರಡನೆಯದು ನೀರು. ಬಿಸಿಲಿನಲ್ಲಿ ದಿನವೆಲ್ಲ ಏರಿಳಿಯುವವನಿಗೆ ಕುಡಿಯಲೆಂದೇ ಸುಮಾರು 4 ಲೀಟರು ಬೇಕು. ಬೇಸಗೆಯಲ್ಲಿ ಇನ್ನೂ ಹೆಚ್ಚು. ಒಂದು ಲೀಟರು ನೀರಿಗೆ ಒಂದು ಕಿಲೋ ತೂಕ. ಮೂರು ಹಗಲಿಗೆ 12 ಲೀಟರು, ಅಂದರೆ 12 ಕಿಲೋ. ಅದರ ಮೇಲೆ ಕಂಬಳಿ, ಬುತ್ತಿ. ಭಾರ ಹೆಚ್ಚಿದಷ್ಟೂ ಬೆವರು ಹೆಚ್ಚು. ಬೆವರು ಹೆಚ್ಚಿದಷ್ಟೂ ನೀರು ಹೆಚ್ಚು ಬೇಕು. ಸಾಲ ತೀರಿಸಲು ಸಾಲ ಮಾಡಿದಂತೆ. ಆದಕಾರಣ ಒಣಗುಡ್ಡದಲ್ಲಿ ಹಾದಿಯನ್ನು ನಿರ್ಧರಿಸುವುದು ನೋಟವಲ್ಲ, ಶಿಖರವಲ್ಲ. ನೀರು ಎಲ್ಲೆಲ್ಲಿದೆ ಎಂಬುದೊಂದೇ. ತರುಣ ಕೊಣ್ಣೂರಿನಲ್ಲಿ 5 ಲೀಟರು ತುಂಬಿಕೊಳ್ಳುತ್ತಾನೆ. ನೆತ್ತಿಯ ಹಾಸುಗಲ್ಲಿನಲ್ಲಿ ದೊಣೆಯೊಂದಿದೆ, ಮಳೆನೀರು ನಿಂತಿರುತ್ತದೆಂದು ಕೇಳಿದ್ದಾನೆ. ಎರಡನೆಯ ರಾತ್ರಿಯ ಆಸೆಯೆಲ್ಲ ಆ ದೊಣೆಯ ಮೇಲೆ.

ದೊಣೆಯ ನೀರನ್ನು ಹಾಗೆಯೇ ಕುಡಿಯಬಾರದು. ಈ ಸೀಮೆಯ ಜೈನ ಮನೆಗಳಲ್ಲಿ ನೀರನ್ನು ದಟ್ಟವಾದ ಬಟ್ಟೆಯಲ್ಲಿ ಸೋಸಿಯೇ ಬಳಸುವ ಪದ್ಧತಿ ಬಹುಕಾಲದ್ದು. 2003ರಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳ ಅಧ್ಯಯನವನ್ನು ಪ್ರಕಟಿಸಿದರು. ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧಕ್ಕೆ ಇಳಿದಿತ್ತು. ಅಜ್ಜಿಯ ಬಟ್ಟೆಗೆ ಪ್ರಯೋಗಾಲಯದ ಮುದ್ರೆ ಬಿದ್ದಿತು. ಆದರೂ ಉಳಿದರ್ಧದ ಅಪಾಯಕ್ಕೆ, ಸೋಸಿದ ಮೇಲೆ ಕ್ಲೋರಿನ್ ಗುಳಿಗೆ ಹಾಕುವುದು ಜಾಣತನ.

ರಾತ್ರಿಯ ಮನೆ

ಸಂಜೆ ನಾಲ್ಕಕ್ಕೇ ಮಲಗುವ ತಾಣವನ್ನು ಹುಡುಕತೊಡಗಬೇಕು. ಹಳ್ಳದ ಮರಳು ಮೃದುವಾಗಿ ಕರೆಯುತ್ತದೆ, ಅಲ್ಲಿ ಮಲಗಬಾರದು. ದೂರದಲ್ಲಿ ಸುರಿದ ಅಕಾಲ ಮಳೆ ನಿದ್ದೆಯಲ್ಲಿದ್ದವನನ್ನು ಕೊಚ್ಚಿಕೊಂಡು ಹೋದೀತು. ಅಲ್ಲದೆ ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಕೊಳ್ಳದ ತಳಕ್ಕೇ ಇಳಿಯುತ್ತದೆ. ಒಣಹವೆಯಲ್ಲಿ ಆ ಚಳಿ ಮೂಳೆಗೆ ತಾಗುತ್ತದೆ. ನೆತ್ತಿಯ ಮೇಲೂ ಸಲ್ಲದು. ಅಲ್ಲಿ ಗಾಳಿಗೆ ತಡೆಯಿಲ್ಲ. ಗವಿಯೂ ಎಲ್ಲ ಕಾಲಕ್ಕೂ ಕ್ಷೇಮವಲ್ಲ. ಕಲ್ಲಿನ ಚಾಚುಗಳಿಗೆ ಹೆಜ್ಜೇನು ಕಟ್ಟಿದ್ದರೆ ಸುಮ್ಮನೆ ದೂರ ಸರಿಯಬೇಕು. ನೀರಿನ ಪಕ್ಕದಲ್ಲಂತೂ ಎಂದಿಗೂ ಬೇಡ. ರಾತ್ರಿ ಅದು ಪ್ರಾಣಿಗಳ ಸರದಿ. ಮಲಗುವವನಿಗೆ ತಕ್ಕದ್ದು ನಡುಮಟ್ಟ: ಹಿಂದೆ ಬಂಡೆ, ಕೆಳಗೆ ಹುಲ್ಲಿಲ್ಲದ ನೆಲ. ಕಲ್ಲುಗಳನ್ನು ಕೋಲಿನಿಂದ ಸರಿಸಿ ನೋಡಬೇಕು. ಚೇಳು ಸಾಮಾನ್ಯವಾಗಿ ಇರುವುದು ಅಲ್ಲಿಯೇ. ಬೆಳಗ್ಗೆ ಎದ್ದು ಪಾದರಕ್ಷೆಯನ್ನು ಕೊಡವದೆ ಕಾಲು ತೂರಿಸಬಾರದು. ಹಾವು ಕಚ್ಚಿದರೆ ಕಟ್ಟು, ಕೊಯ್ತ, ಮಂತ್ರ ಯಾವುದೂ ಉಪಯೋಗವಿಲ್ಲ. ಆಸ್ಪತ್ರೆಯ ಪ್ರತಿವಿಷವೊಂದೇ ಗತಿ. ಒಂಟಿಯಾದವನು ರಸ್ತೆಯಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ಇದೂ ಒಂದು ಅಳತೆ.

ಕತ್ತಲಾಗುತ್ತಿದ್ದಂತೆ ಕಲ್ಲು ಹಗಲು ಹೀರಿದ ಬಿಸಿಯನ್ನು ಬಿಡುತ್ತದೆ. ದೂರದಲ್ಲಿ ಗೋಕಾಕದ ದೀಪಗಳು. ನತ್ತಿಂಗ ಹಕ್ಕಿ ಗಡಿಯಾರದಂತೆ ಬಡಿಯತೊಡಗುತ್ತದೆ. ಕೆಳಗಿನ ಕೊಳ್ಳದಲ್ಲಿ ನರಿಗಳು ಒಮ್ಮೆಲೆ ಊಳಿಟ್ಟು ಒಮ್ಮೆಲೆ ಸುಮ್ಮನಾಗುತ್ತವೆ. ಆಮೇಲಿನ ಮೌನವೇ ಹೆಚ್ಚು ಭಯಂಕರ. ಒಣಎಲೆಯ ಮೇಲೆ ಸಣ್ಣ ಹಲ್ಲಿ ಹರಿದರೂ ಚಿರತೆ ನಡೆದಂತೆ ಕೇಳಿಸುತ್ತದೆ. ಮೊದಲ ಬಾರಿ ಒಬ್ಬಂಟಿಯಾಗಿ ಮಲಗಿದವನು ಆ ರಾತ್ರಿ ನಿದ್ದೆ ಮಾಡುವುದಿಲ್ಲ; ಇದನ್ನು ಒಪ್ಪಿಕೊಳ್ಳಲು ನಾಚಬೇಕಾಗಿಲ್ಲ. ಆದರೆ ಮೂರನೆಯ ಜಾವದ ಹೊತ್ತಿಗೆ ಭಯವೂ ದಣಿಯುತ್ತದೆ. ಕಿವಿ ಸದ್ದುಗಳನ್ನು ಬೇರ್ಪಡಿಸಲು ಕಲಿಯುತ್ತದೆ: ಇದು ಗಾಳಿ, ಇದು ಇಲಿ, ಇದು ಉದುರಿದ ಕಾಯಿ. ಹೆಸರು ಸಿಕ್ಕಿದ ಸದ್ದು ಹೆದರಿಸುವುದಿಲ್ಲ.

ದೊಣೆಯ ಬಳಿ

ಬೆಳಗ್ಗೆ ಎಣಿಸಿದರೆ ಒಂದೂವರೆ ಲೀಟರು ಉಳಿದಿದೆ. ಹಿಂಡಿ ಹೆಚ್ಚು ತಿಂದುದರ ಫಲ. ಬಿಸಿಲೇರುವ ಮೊದಲೇ ನೆತ್ತಿ ಸೇರಿ ದೊಣೆ ಹುಡುಕಿದರೆ, ಕುರಿಗಾರ ಹೇಳಿದಂತೆಯೇ ಬೆಳವಗಳೆರಡು ಅದರ ಅಂಚಿನಿಂದ ಹಾರುತ್ತವೆ. ದೊಣೆಯಿದೆ. ಆದರೆ ಆ ವರ್ಷದ ಮಳೆ ಬೇಗ ನಿಂತಿದೆ. ತಳದಲ್ಲಿ ಒಂದು ಪರಾತದಷ್ಟು ಅಗಲದ ನೀರು, ಗೇಣುದ್ದವೂ ಆಳವಿಲ್ಲ. ಸುತ್ತಲಿನ ಕೆಸರಿನಲ್ಲಿ ಗುರುತುಗಳು: ನವಿಲಿನ ಮೂರು ಬೆರಳು, ಮೊಲದ ಜಿಗಿತ, ನರಿಯ ಪಂಜ, ಮುಳ್ಳುಹಂದಿಯ ಉದುರಿದ ಮುಳ್ಳೊಂದು. ಒಂದು ರಾತ್ರಿಯಲ್ಲಿ ಎಷ್ಟು ಕುಟುಂಬಗಳು ಬಂದು ಕುಡಿದು ಹೋಗಿವೆ!

ಇಲ್ಲಿ ನಿಜವಾದ ಪರೀಕ್ಷೆ. ನಾಲ್ಕು ಲೀಟರು ತುಂಬಿಕೊಂಡರೆ ಎರಡನೆಯ ರಾತ್ರಿ ಕಳೆಯಬಹುದು. ಊರಲ್ಲಿ ಕಾಕಾನಿಗೆ ಕೊಟ್ಟ ಮಾತು ಉಳಿಯುತ್ತದೆ. ಆದರೆ ಆ ನಾಲ್ಕು ಲೀಟರಿನಿಂದ ದೊಣೆ ಬತ್ತುವುದಕ್ಕೆ ಎಷ್ಟು ದಿನ ಮೊದಲಾದೀತು? ಹಕ್ಕಿ ಬೇರೆ ನೀರಿಗೆ ಹಾರಿ ಹೋದೀತು, ಮುಳ್ಳುಹಂದಿ ಹೋದೀತೇ? ಮನುಷ್ಯನಾದರೋ ಎರಡು ಗಂಟೆ ಇಳಿದರೆ ಯೋಗಿಕೊಳ್ಳವನ್ನು ಮುಟ್ಟಬಲ್ಲ. ಅಲ್ಲಿ ಮಾರ್ಕಂಡೇಯ ನದಿಯಿದೆ, ಗುಡಿಯಿದೆ, ಜನರಿದ್ದಾರೆ. ಅವನಿಗೆ ಬೇರೆ ದಾರಿ ಉಂಟು. ದಾರಿ ಉಳ್ಳವನು ಬಿಡಬೇಕು. ಒಣಗುಡ್ಡದ ಧರ್ಮ ಇಷ್ಟೇ.

ಬೆಟ್ಟಗಳಲ್ಲಿ ಕೆಟ್ಟವರ ಕಥೆಗಳನ್ನು ಕೇಳಿದರೆ ಬಹಳ ಮಂದಿ ಕೆಟ್ಟುದು ಮುಂದೆ ಹೋಗಲಾರದೆ ಅಲ್ಲ, ಹಿಂದಿರುಗಲಾರದೆ. ಜೊತೆಗಾರನಿದ್ದರೆ ಅವನ ನೆಪವೊಡ್ಡಿ ಮರಳಬಹುದು. ಒಂಟಿಗೆ ನೆಪವಿಲ್ಲ, ತನ್ನ ಅಹಂಕಾರದೊಡನೆ ತಾನೇ ವಾದಿಸಿ ಗೆಲ್ಲಬೇಕು. ತರುಣ ಬಹಳ ಹೊತ್ತು ದೊಣೆಯ ಅಂಚಿನಲ್ಲಿ ಕುಳಿತು, ಏನನ್ನೂ ತುಂಬಿಕೊಳ್ಳದೆ ಏಳುತ್ತಾನೆ. ಉಳಿದ ಒಂದೂವರೆ ಲೀಟರಿನಲ್ಲಿ ಇಳಿಯತೊಡಗುತ್ತಾನೆ. ಯೋಗಿಕೊಳ್ಳದ ಕಲ್ಲುಮೆಟ್ಟಿಲನ್ನು ಮುಟ್ಟಿದಾಗ ಬಾಟಲಿಯಲ್ಲಿ ಎರಡು ಗುಟುಕು ಉಳಿದಿರುತ್ತದೆ. ಆ ಎರಡು ಗುಟುಕಿನ ರುಚಿ ಕೃಷ್ಣೆಯ ದಂಡೆಯಲ್ಲಿ ಹುಟ್ಟಿ ಬೆಳೆದ ಅವನಿಗೆ ಅದುವರೆಗೂ ಗೊತ್ತಿರಲಿಲ್ಲ.

ಮಾರ್ಕಂಡೇಯ ಗೋಕಾಕದ ಬಳಿ ಘಟಪ್ರಭೆಯನ್ನು ಕೂಡುತ್ತದೆ. ಘಟಪ್ರಭೆ ಮುಂದೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಒಣಗುಡ್ಡದಿಂದ ಜಾರಿದ ಹನಿಯೂ ಉಗಾರವನ್ನು ಹಾದುಬಂದ ಹೊನಲೂ ಕೊನೆಗೆ ಒಂದೇ. ಮರಳುವಾಗ ರೈಲಿನ ಕಿಟಕಿಯಿಂದ ಕಾಣುವ ಕರಿಮಣ್ಣಿನಲ್ಲಿ ಅಲ್ಲಲ್ಲಿ ಬಿಳಿಯ ಪಟ್ಟೆಗಳಿವೆ. ಹಿಂದೆ ಅವು ಅವನ ಕಣ್ಣಿಗೆ ಬಿದ್ದಿರಲಿಲ್ಲ. ವರುಷವರುಷವೂ ಮಿತಿಮೀರಿ ನೀರು ಹಾಯಿಸಿದ್ದರಿಂದ ಉಪ್ಪು ಮೇಲೆದ್ದು ಸವಳಾದ ಭೂಮಿಯದು. ಕೃಷ್ಣಾತೀರದ ಅನೇಕ ಊರುಗಳಲ್ಲಿ ಹೀಗೆ ಹೊಲಗಳು ಹಾಳಾಗಿವೆ. ಗುಡ್ಡದಲ್ಲಿ ನೀರು ಸಾಲದೆ ಕೆಡುವ ಜೀವ. ಇಲ್ಲಿ ನೀರು ಹೆಚ್ಚಾಗಿ ಕೆಟ್ಟ ಮಣ್ಣು. ಅಳತೆ ಎರಡೂ ಕಡೆ ಬೇಕಾಗಿತ್ತು.

ಊರ ಹೊರಗಿನ ಹೊಲದಲ್ಲಿ ಕಾಕಾ ಬದುವಿನ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಾರೆ.

“ಎರಡ ರಾತ್ರಿ ಅಂದಿದ್ದಿ? ಒಂದಕ್ಕ ಇಳದ ಬಂದೀ?”

“ನೀರ ಸಾಲಲಿಲ್ಲರಿ ಕಾಕಾ.”

“ಹಂಗಾದ್ರ ಶ್ಯಾಣ್ಯಾ ಆಗಿ ಬಂದಿ ಬಿಡು.”

ಕಬ್ಬಿನ ಸಾಲು ಎಂದೋ ತುಂಬಿದೆ. ನೀರು ಬದು ಮೀರಿ ದಾರಿಗೆ ಹರಿಯುತ್ತಿದೆ. ತರುಣ ಬೆನ್ನಿನ ಗಂಟನ್ನು ಕೆಳಗಿಟ್ಟು, ಕಾಕಾನ ಪಕ್ಕದಲ್ಲಿದ್ದ ಸಲಿಕೆ ಎತ್ತಿಕೊಂಡು, ಎರಡು ಹೆಂಟೆ ಮಣ್ಣೆಳೆದು ಕಾಲುವೆಯ ಬಾಯಿ ಕಟ್ಟುತ್ತಾನೆ.